ಹಳೇ ಟಾಕೀಸು ಉಳಿಯುವುದು ಯಾರ ಹೆಸರಿನಲ್ಲಿ?

ಇಸ್ತಾಂಬುಲ್‌ನ ಇಸ್ತಿಕ್ಲಾಲ್ ರಸ್ತೆಯ ಪಕ್ಕದಲ್ಲಿ 1924ರಿಂದ ಇದ್ದ ಎಮೆಕ್ ಚಿತ್ರಮಂದಿರವನ್ನು 2013ರಲ್ಲಿ ಕೆಡವಿದರು. ತಡೆಯಲು ಬೀದಿಗಿಳಿದ ಸಿನಿಮಾ ಮಂದಿಯ ಮೇಲೆ, ಪ್ರೇಕ್ಷಕರ ಮೇಲೆ ಪೊಲೀಸರು ಜಲಫಿರಂಗಿ ಪ್ರಯೋಗಿಸಿದರು. ಗುತ್ತಿಗೆ ಹಿಡಿದವರ ವಾದ ಮಾತ್ರ ತಣ್ಣಗಿತ್ತು: ಚಿತ್ರಮಂದಿರವನ್ನು ನಾಶ ಮಾಡುತ್ತಿಲ್ಲ, ಮೇಲಿನ ಮಹಡಿಗೆ ಸಾಗಿಸುತ್ತಿದ್ದೇವೆ. ಹೇಳಿದ್ದನ್ನು ಮಾಡಿಯೂ ತೋರಿಸಿದರು. ಗೋಡೆ, ಚಾವಣಿಗಳ ಹಳೆಯ ಅಲಂಕಾರವನ್ನು ಮಾದರಿಯಾಗಿಟ್ಟುಕೊಂಡು, ಅದೇ ಜಾಗದಲ್ಲಿ ಎದ್ದ ಮಾಲಿನ ಮೇಲ್ಮಹಡಿಯಲ್ಲಿ ಅಂಥದೇ ಸಭಾಂಗಣ ಕಟ್ಟಿ 2016ರಲ್ಲಿ ಬಾಗಿಲು ತೆರೆದರು. ಆ ಜಾಗ ಯಾವುದೋ ಲೋಭಿ ಸಾಹುಕಾರನದೂ ಆಗಿರಲಿಲ್ಲ. ಟರ್ಕಿಯ ಸರ್ಕಾರಿ ಸಾಮಾಜಿಕ ಭದ್ರತಾ ಸಂಸ್ಥೆಯದಾಗಿತ್ತು.

ಹಾಗಾದರೆ ಎಮೆಕ್ ಉಳಿಯಿತೋ ಹೋಯಿತೋ? ಹಳೆಯ ಚಿತ್ರಮಂದಿರಗಳನ್ನು ಉಳಿಸುವ ಬಗ್ಗೆ ಲೋಕದಲ್ಲಿ ಎಲ್ಲೇ ಜಗಳವಾಗಲಿ, ತಳದಲ್ಲಿರುವುದು ಇದೇ ಪ್ರಶ್ನೆ. ಉಳಿಸುವುದು ಗಾರೆಯ ಹೂಬಳ್ಳಿಯನ್ನೋ, ಜನ ಬೀದಿಯಿಂದ ನೇರ ಒಳಗೆ ಬಂದು ಕತ್ತಲಲ್ಲಿ ಒಟ್ಟಿಗೆ ಕೂರುವ ಅಭ್ಯಾಸವನ್ನೋ? ನನ್ನ ಮಟ್ಟಿಗೆ ಉತ್ತರ ಅಡಗಿರುವುದು ವಾಸ್ತುಶಿಲ್ಪದಲ್ಲಿ ಅಲ್ಲ, ಎರಡು ಒಣ ವಿಷಯಗಳಲ್ಲಿ: ನೆಲ ಯಾರ ಹೆಸರಿನಲ್ಲಿದೆ, ಮಂಗಳವಾರದ ಆಟಕ್ಕೆ ಯಾರು ಬರುತ್ತಾರೆ.

ಆದರೂ ಕಟ್ಟಡದಿಂದಲೇ ಶುರುಮಾಡಬೇಕು. ಯಾಕೆಂದರೆ ಈ ಕಟ್ಟಡಗಳ ಆಕಾರವನ್ನು ಚಂದಕ್ಕಿಂತ ಮೊದಲು ರೂಪಿಸಿದ್ದು ಬೆಂಕಿಯ ಭಯ.

ಮೊದಲ ಅರ್ಧ ಶತಮಾನದ ಸಿನಿಮಾ ರೀಲುಗಳು ಸೆಲ್ಯುಲೋಸ್ ನೈಟ್ರೇಟಿನವು. ಅದು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುಗಡೆ ಮಾಡಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಪಕ್ಕದಲ್ಲೇ ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಕು ಮಾಡುವ ದೀಪ. 1897ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ದತ್ತಿ ಮೇಳವೊಂದರಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಹೊತ್ತಿದ ಬೆಂಕಿ 120ಕ್ಕೂ ಹೆಚ್ಚು ಜನರನ್ನು ಕೊಂದಿತು. ಸಿನಿಮಾಕ್ಕೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಬ್ರಿಟನ್ 1909ರಲ್ಲಿ ತಂದ ಸಿನಿಮಾಟೋಗ್ರಾಫ್ ಕಾಯ್ದೆ ಪ್ರೊಜೆಕ್ಟರನ್ನು ಪ್ರೇಕ್ಷಕರಿಂದ ಬೇರ್ಪಡಿಸಿ ಬೆಂಕಿ ತಡೆಯುವ ಪ್ರತ್ಯೇಕ ಕೋಣೆಯಲ್ಲಿಡಬೇಕೆಂದಿತು. ಅಂಗಡಿಯ ಹಿಂಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸುತ್ತಿದ್ದವರ ಕಾಲ ಅಲ್ಲಿಗೆ ಮುಗಿಯಿತು. ಸಿನಿಮಾಕ್ಕೆಂದೇ ಕಟ್ಟಿದ ಕಟ್ಟಡಗಳ ಕಾಲ ಬಂತು. ಹಳೇ ಟಾಕೀಸಿನ ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆ, ಅಂಗೈಯಗಲದ ಕಿಂಡಿಗಳು, ಕಿಂಡಿಯ ಮೇಲೆ ಬೆಂಕಿ ಬಿದ್ದರೆ ತಾನಾಗಿ ಕೆಳಗಿಳಿಯುವ ಕಬ್ಬಿಣದ ತಗಡು ಯಾಕಿರುತ್ತಿದ್ದವು ಎಂಬುದಕ್ಕೆ ಉತ್ತರ ಇಲ್ಲಿದೆ.

ಬೆಂಕಿಯಷ್ಟೇ ಗಾಬರಿಯೂ ಕೊಂದಿದೆ. 1929ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಪೇಸ್ಲಿಯ ಗ್ಲೆನ್ ಸಿನಿಮಾದಲ್ಲಿ ಮಕ್ಕಳಿಗಾಗಿ ಮಧ್ಯಾಹ್ನದ ಆಟ ನಡೆಯುತ್ತಿದ್ದಾಗ ರೀಲಿನ ಡಬ್ಬಿಯಿಂದ ಹೊಗೆ ಎದ್ದಿತು. ಬೆಂಕಿ ಹರಡಲೇ ಇಲ್ಲ. ಆದರೆ ಮಕ್ಕಳು ಓಡಿದ ಕಡೆಯ ಗೇಟು ತೆರೆಯಲಾಗಲಿಲ್ಲ. ಕಾಲ್ತುಳಿತದಲ್ಲಿ 70ರಷ್ಟು ಮಕ್ಕಳು ಸತ್ತರು. ಅಗಲ ಮೆಟ್ಟಿಲು, ಹೊರಕ್ಕೆ ತೆರೆದುಕೊಳ್ಳುವ ಬಾಗಿಲು, ಕತ್ತಲಲ್ಲೂ ಕಾಣುವ ಕೆಂಪು ಅಕ್ಷರ, ಇವೆಲ್ಲದರ ಹಿಂದೆ ಇಂಥ ಸಾವುಗಳಿವೆ. ಜೀರ್ಣೋದ್ಧಾರದವರು ಪೇಂಟಿನ ಬಣ್ಣದ ಬಗ್ಗೆ ವರ್ಷಗಟ್ಟಲೆ ವಾದಿಸುತ್ತಾರೆ. ಈ ಬಾಗಿಲುಗಳೂ ಇತಿಹಾಸವೇ ಎಂದು ಹೇಳುವವರು ಕಡಿಮೆ.

ಕಣ್ಣಿಗೆ ಕಾಣದ ಇನ್ನೊಂದು ಭಾಗ ಚಾವಣಿ. ಪ್ರೇಕ್ಷಕನ ನೆತ್ತಿಯ ಮೇಲಿನ ಗುಮ್ಮಟ, ಮೋಡ, ಹೂಬಳ್ಳಿಗಳಲ್ಲಿ ಬಹುಪಾಲು ಕಲ್ಲೂ ಅಲ್ಲ, ಕಾಂಕ್ರೀಟೂ ಅಲ್ಲ. ಗೋಣಿ ಬಟ್ಟೆಯ ಮೇಲೆ ಜಿಪ್ಸಮ್ ಗಾರೆ ಎರೆದು ಅಚ್ಚಿನಲ್ಲಿ ತೆಗೆದ ತೆಳು ತುಂಡುಗಳು. ಅವನ್ನು ಮೇಲಿನ ಮರದ ಅಥವಾ ಉಕ್ಕಿನ ಚೌಕಟ್ಟಿಗೆ ತೂಗುಹಾಕುವುದೂ ಗಾರೆಯಲ್ಲಿ ಅದ್ದಿದ ಗೋಣಿ ಪಟ್ಟಿಗಳಿಂದಲೇ. ಚಾವಣಿಯ ಮೇಲಿನ ಸೂರು ಸೋರಿದರೆ ಗೋಣಿ ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. 2013ರ ಡಿಸೆಂಬರಿನಲ್ಲಿ ಲಂಡನ್ನಿನ ಅಪೊಲೊ ರಂಗಮಂದಿರದಲ್ಲಿ ನಾಟಕದ ನಡುವೆ ಚಾವಣಿಯ ಒಂದು ಭಾಗ ಕುಸಿದು ಹತ್ತಾರು ಜನ ಗಾಯಗೊಂಡರು; ಶತಮಾನ ಹಳೆಯ ಗೋಣಿ ಕಟ್ಟುಗಳು ಸತ್ತುಹೋಗಿದ್ದದ್ದೇ ಕಾರಣವೆಂದು ತನಿಖೆಯಲ್ಲಿ ಗೊತ್ತಾಯಿತು. ಅದು ನಾಟಕದ ಮಂದಿರ, ನಿಜ. ಅದೇ ಕಾಲದ ಚಿತ್ರಮಂದಿರಗಳ ಚಾವಣಿಯೂ ಅದೇ ಕುಶಲಕರ್ಮಿಗಳ ಕೈಯಿಂದ ಬಂದದ್ದು. ಹಳೇ ಟಾಕೀಸಿನ ಜೀರ್ಣೋದ್ಧಾರದ ಅಂದಾಜು ಪಟ್ಟಿಯಲ್ಲಿ ದೊಡ್ಡ ಮೊತ್ತ ನುಂಗುವುದು ಮಖಮಲ್ ಪರದೆಯೂ ಅಲ್ಲ, ಗೊಂಚಲು ದೀಪವೂ ಅಲ್ಲ. ಚಾವಣಿ, ಸೂರು, ವೈರಿಂಗ್. ಇವುಗಳ ಫೋಟೋ ಹಾಕಿ ದೇಣಿಗೆ ಕೇಳುವುದು ಕಷ್ಟ.

ಈ ಮಂದಿರಗಳು ಖಾಲಿಯಾದ ಕಥೆ ಬಹುತೇಕರಿಗೆ ಗೊತ್ತಿರುವುದೇ. ಬ್ರಿಟನ್ನಿನಲ್ಲಿ 1946ರಲ್ಲಿ 163 ಕೋಟಿಗೂ ಹೆಚ್ಚು ಟಿಕೆಟ್ ಹರಿದಿದ್ದವು. 1984ರ ಹೊತ್ತಿಗೆ ಅದು 5.4 ಕೋಟಿಗೆ ಇಳಿದಿತ್ತು. ಟಿವಿ ಬಂತು, ಜನ ಊರಾಚೆಯ ಬಡಾವಣೆಗಳಿಗೆ ಮನೆ ಬದಲಿಸಿದರು. ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಪ್ಯಾರಾಮೌಂಟ್ ಪ್ರಕರಣದಲ್ಲಿ, ಚಿತ್ರ ತಯಾರಿಕೆ, ಪ್ರದರ್ಶನ ಎರಡನ್ನೂ ಕೈಯಲ್ಲಿಟ್ಟುಕೊಂಡಿದ್ದ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟ ಮೇಲೆ ಅವು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ನ್ಯಾಯದ ದೃಷ್ಟಿಯಿಂದ ಒಳ್ಳೆಯ ತೀರ್ಪು. ಆದರೆ ನಾಲ್ಕೈದು ಸಾವಿರ ಸೀಟಿನ ಅರಮನೆಗಳನ್ನು ನಷ್ಟದಲ್ಲೂ ಸಾಕುತ್ತಿದ್ದ ಶ್ರೀಮಂತ ಒಡೆಯ ಅದರೊಂದಿಗೆ ದೂರವಾದ. ನ್ಯೂಯಾರ್ಕಿನ ರಾಕ್ಸಿ ಕಟ್ಟಿದ್ದು 1927ರಲ್ಲಿ, ಕೆಡವಿದ್ದು 1960ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಫಾಕ್ಸ್ 1929ರಿಂದ 1963ರವರೆಗೆ. ಒಂದು ತಲೆಮಾರಿನ ಆಯುಸ್ಸೂ ಪೂರ್ತಿ ಸಿಗಲಿಲ್ಲ. ಅಷ್ಟು ದೊಡ್ಡ ಕಟ್ಟಡಗಳು ಮಣ್ಣಾದ ಮೇಲೆಯೇ ಜನಕ್ಕೆ ಎಚ್ಚರವಾದದ್ದು.

ಆಮೇಲಿನ ಹೋರಾಟಗಳಲ್ಲಿ ಗೆದ್ದದ್ದು ಯಾವುದು, ಸೋತದ್ದು ಯಾವುದು ಎಂದು ನೋಡಿದರೆ ನೆಲದ ಪ್ರಶ್ನೆ ಎದ್ದು ಕಾಣುತ್ತದೆ.

ಇಂಗ್ಲೆಂಡಿನ ಹಾರ್ವಿಚ್ ಎಂಬ ಬಂದರು ಊರಿನಲ್ಲಿ ಎಲೆಕ್ಟ್ರಿಕ್ ಪ್ಯಾಲೇಸ್ ಎಂಬ ಪುಟ್ಟ ಚಿತ್ರಮಂದಿರವಿದೆ. ಊರೂರು ತಿರುಗಿ ಜಾತ್ರೆಗಳಲ್ಲಿ ಚಿತ್ರ ತೋರಿಸುತ್ತಿದ್ದ ಚಾರ್ಲ್ಸ್ ಥರ್ಸ್ಟನ್ 1911ರಲ್ಲಿ ಅದನ್ನು ಕಟ್ಟಿಸಿದ. 1956ರಲ್ಲಿ ಬೀಗ ಬಿತ್ತು, ಊರೂ ಅದನ್ನು ಮರೆಯಿತು. ಮರೆತದ್ದೇ ಒಳ್ಳೆಯದಾಯಿತು, ಯಾರೂ ಒಳಗೆ ಹೋಗಿ ಆಧುನೀಕರಣ ಮಾಡಲಿಲ್ಲ. 1972ರಲ್ಲಿ ಅದರ ಮೇಲೆ ಮತ್ತೆ ಕಣ್ಣು ಬಿದ್ದು, ಕೆಡವುವ ಮಾತು ನಡೆದಿದ್ದಾಗಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಊರಿನವರೇ ಟ್ರಸ್ಟ್ ಕಟ್ಟಿಕೊಂಡು 1981ರಲ್ಲಿ ಮತ್ತೆ ಆಟ ಶುರುಮಾಡಿದರು. ಟಿಕೆಟ್ ಹರಿಯುವುದರಿಂದ ಹಿಡಿದು ಕಸ ಗುಡಿಸುವವರೆಗೆ ಸ್ವಯಂಸೇವಕರದೇ ಕೆಲಸ.

ಅಟ್ಲಾಂಟಾದ ಫಾಕ್ಸ್ ಇದಕ್ಕಿಂತ ಬಹಳ ದೊಡ್ಡದು: 1929ರ ಕ್ರಿಸ್‌ಮಸ್ ದಿನ ತೆರೆದ, ನಾಲ್ಕೂವರೆ ಸಾವಿರದಷ್ಟು ಸೀಟಿನ, 3,622 ಕೊಳವೆಗಳ ಆರ್ಗನ್ ವಾದ್ಯ ಇರುವ ಮಂದಿರ. 1970ರ ದಶಕದಲ್ಲಿ ದೂರವಾಣಿ ಕಂಪನಿಯೊಂದು ಅಲ್ಲಿ ತನ್ನ ಕಚೇರಿ ಕಟ್ಟಲು ಹೊರಟಿತು. ನಾಗರಿಕರು ಲಾಭರಹಿತ ಸಂಸ್ಥೆ ರಚಿಸಿಕೊಂಡು, ಸಾಲ ಎತ್ತಿ 1975ರಲ್ಲಿ ಮಂದಿರವನ್ನೇ ಕೊಂಡರು, 1978ರೊಳಗೆ ಸಾಲವನ್ನೂ ತೀರಿಸಿದರು. ಕಂಪನಿಯ ಗೋಪುರ ಹಿಂಬದಿಯ ಜಾಗದಲ್ಲಿ ಎದ್ದಿತು. ಅಂದರೆ ಎದುರಾಳಿಗೂ ಜಾಗ ಸಿಕ್ಕಿತು. ಘೋಷಣೆ, ಮೆರವಣಿಗೆ, ಕಲಾವಿದರ ಸಹಾಯಾರ್ಥ ಪ್ರದರ್ಶನ ಎಲ್ಲವೂ ನಡೆದವು. ಆದರೆ ಕೊನೆಗೆ ಕೆಲಸಕ್ಕೆ ಬಂದದ್ದು ಕ್ರಯಪತ್ರ.

ಇದರ ಪಕ್ಕದಲ್ಲಿ ಪ್ಯಾಲೆಸ್ಟೀನಿನ ಜೆನಿನ್ ನಗರದ ಟಾಕೀಸನ್ನು ಇಟ್ಟು ನೋಡಿ. 1987ರಲ್ಲಿ ಮುಚ್ಚಿದ್ದ ಸಿನಿಮಾ ಜೆನಿನ್ ಅನ್ನು ಸ್ಥಳೀಯರು, ಜರ್ಮನಿಯವರು, ಬೇರೆ ಬೇರೆ ದೇಶಗಳ ಸ್ವಯಂಸೇವಕರು ಸೇರಿ ದುರಸ್ತಿ ಮಾಡಿ 2010ರಲ್ಲಿ ತೆರೆದರು. ಲೋಕದ ಪತ್ರಿಕೆಗಳೆಲ್ಲ ಬರೆದವು. ಹಣ ಬಂತು, ಹೊಸ ಪ್ರೊಜೆಕ್ಟರ್ ಬಂತು, ಸದ್ಭಾವನೆಗೂ ಕೊರತೆಯಿರಲಿಲ್ಲ. ಆದರೆ ಕಟ್ಟಡ ಖಾಸಗಿ ಒಡೆಯರ ಕೈಯಲ್ಲೇ ಉಳಿದಿತ್ತು. ಅವರು ಮಾರಿದರು, 2016ರಲ್ಲಿ ವಾಣಿಜ್ಯ ಸಂಕೀರ್ಣಕ್ಕಾಗಿ ಅದು ನೆಲಸಮವಾಯಿತು. ಬ್ಯಾಂಕಾಕ್‌ನ ಸ್ಕಾಲಾ ಕೂಡ ಹೀಗೆಯೇ. 1969ರ ಕೊನೆಯ ದಿನ ತೆರೆದ, ಆ ನಗರದವರು ಹೆಮ್ಮೆಪಡುತ್ತಿದ್ದ ಏಕಪರದೆಯ ಮಂದಿರ. ನೆಲ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ್ದು. ಕೋವಿಡ್ ವರ್ಷದಲ್ಲಿ ನಡೆಸುತ್ತಿದ್ದವರು ಕೈಚೆಲ್ಲಿದರು, 2021ರಲ್ಲಿ ಕಟ್ಟಡ ಉರುಳಿತು. ಸರ್ಕಾರದ್ದು, ವಿಶ್ವವಿದ್ಯಾಲಯದ್ದು ಎಂದಮಾತ್ರಕ್ಕೆ ನಂಬಿ ಕೂರುವಂತಿಲ್ಲ. ನಡೆಸುವವನೊಬ್ಬ, ನೆಲದ ಒಡೆಯ ಇನ್ನೊಬ್ಬ ಆಗಿರುವವರೆಗೂ ಟಾಕೀಸು ಬಾಡಿಗೆ ಮನೆಯಲ್ಲೇ ಇದೆ.

ಪಾರಂಪರಿಕ ಕಟ್ಟಡದ ಪಟ್ಟಿಗೆ ಸೇರಿಸಿಬಿಟ್ಟರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ ಹೆಸರಿದ್ದರೂ ಖಾಸಗಿ ಒಡೆಯ ತನ್ನದೇ ದುಡ್ಡಿನಲ್ಲಿ ಕಟ್ಟಡ ಕೆಡವುವುದನ್ನು ಆ ನೋಂದಣಿಯೊಂದೇ ತಡೆಯುವುದಿಲ್ಲ. ತಡೆಯುವ ಹಲ್ಲಿರುವುದು ಸ್ಥಳೀಯ ಕಾನೂನಿಗೆ. ದುರಸ್ತಿ ವೆಚ್ಚದ ಮೇಲೆ 20 ಶೇಕಡಾ ತೆರಿಗೆ ರಿಯಾಯಿತಿ ಇದೆ. ಆದರೆ ಆದಾಯ ತೆರಿಗೆಯನ್ನೇ ಕಟ್ಟದ ಲಾಭರಹಿತ ಟ್ರಸ್ಟ್ ಅದನ್ನು ನೇರವಾಗಿ ಬಳಸಲಾಗದು, ತೆರಿಗೆ ಕಟ್ಟುವ ಪಾಲುದಾರನನ್ನು ಹುಡುಕಿಕೊಳ್ಳಬೇಕು. ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆಯಡಿ ಒಂದು ಕಟ್ಟಡವನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಎಂದು ಪಟ್ಟಿ ಮಾಡಿಸಬಹುದು. ಒಡೆಯ ಮಾರಲು ಹೊರಟಾಗ ಹಣ ಹೊಂದಿಸಿಕೊಳ್ಳಲು ಜನರಿಗೆ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಅಷ್ಟೇ. ಅವರಿಗೇ ಮಾರಬೇಕೆಂಬ ಕಟ್ಟುಪಾಡಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಪ್ರಕರಣ. 1922ರ ಈ ಮಂದಿರ ಆ ನಗರದ ಸಲಿಂಗಿ ಸಮುದಾಯಕ್ಕೆ ಮನೆಯಂಗಳವಿದ್ದಂತೆ. 1970ರ ದಶಕದಿಂದಲೂ ಸಂರಕ್ಷಿತ ಹೆಗ್ಗುರುತು. ಆದರೆ ಸಂರಕ್ಷಣೆ ಇದ್ದದ್ದು ಹೊರಮೈಗೆ. 2022ರಲ್ಲಿ ಸಂಗೀತ ಕಾರ್ಯಕ್ರಮಗಳ ಕಂಪನಿಯೊಂದು ನಿರ್ವಹಣೆ ವಹಿಸಿಕೊಂಡು, ಕೆಳಹಂತದ ಸಾಲು ಕುರ್ಚಿಗಳನ್ನು ಕಿತ್ತು ನಿಂತು ನೋಡುವ ಕಾರ್ಯಕ್ರಮಗಳಿಗೂ ಹೊಂದುವ ನೆಲ ಮಾಡುತ್ತೇವೆಂದಿತು. ಒಳಾಂಗಣವನ್ನೂ ರಕ್ಷಿಸಿ ಎಂದು ಜನ ನಗರಸಭೆಯ ಮುಂದೆ ನಿಂತರು. 2023ರ ಆ ಚರ್ಚೆಯ ಹುರುಳು ಒಂದೇ: ಆದೇಶದಲ್ಲಿ ಕುರ್ಚಿ ಇರಬೇಕು ಎಂದು ಬರೆಯುವುದೋ, ನೆಲಕ್ಕೆ ಬಿಗಿದ ಕುರ್ಚಿ ಇರಬೇಕು ಎಂದು ಬರೆಯುವುದೋ? ಹೊರಗಿನವರಿಗೆ ನಗು ಬರಬಹುದು. ಆದರೆ ಬಿಗಿದ ಕುರ್ಚಿ ಎಂದರೆ ಅದು ಸಿನಿಮಾ ಮಂದಿರ. ಎತ್ತಿಡಬಹುದಾದ ಕುರ್ಚಿ ಎಂದರೆ ಯಾವುದಕ್ಕೂ ಆಗುವ ಹಾಲ್. ಕಂಪನಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಕಂಪನಿಯ ಲೆಕ್ಕವೂ ಸುಳ್ಳಲ್ಲ, 1,400 ಸೀಟಿನ ಒಂದೇ ಪರದೆ ಬರೀ ಸಿನಿಮಾದಿಂದ ಬದುಕುವುದು ಕಷ್ಟ. ಆದರೂ ನನ್ನ ಒಲವು ಕುರ್ಚಿ ಪಕ್ಷದವರ ಕಡೆಗೇ. ಗೋಡೆಯ ಮೇಲಿನ ಚಿತ್ತಾರಕ್ಕೆ ಕಾನೂನು, ಒಳಗೆ ನಡೆಯುವ ಕೆಲಸಕ್ಕೆ ಏನೂ ಇಲ್ಲ ಎಂದಾದರೆ ಎಮೆಕ್‌ನ ಮೇಲ್ಮಹಡಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಬರೀ ಸಿನಿಮಾದಿಂದ ಬದುಕುವುದು ಯಾಕೆ ಕಷ್ಟ? ಜನ ಓಟಿಟಿ ಎನ್ನುತ್ತಾರೆ. ಅದಕ್ಕಿಂತ ಹಳೆಯ ಕಾರಣ ವಿತರಕರ ಷರತ್ತು. ದೊಡ್ಡ ಚಿತ್ರ ಬಿಡುಗಡೆಯಾದ ಮೊದಲ ವಾರಗಳಲ್ಲಿ ಟಿಕೆಟ್ ಹಣದ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು ವಿತರಕರಿಗೆ ಹೋಗುತ್ತದೆ. ಜೊತೆಗೆ, ಕನಿಷ್ಠ ಇಂತಿಷ್ಟು ವಾರ, ದಿನದ ಎಲ್ಲ ಆಟವೂ ಇದೇ ಚಿತ್ರದ್ದಾಗಬೇಕು ಎಂಬ ಕರಾರು. ಹತ್ತು ಪರದೆಯವನಿಗೆ ಇದು ತಲೆನೋವಲ್ಲ. ಜನ ಕಡಿಮೆಯಾದಂತೆ ಚಿತ್ರವನ್ನು ಸಣ್ಣ ಹಾಲಿಗೆ ದೂಡುತ್ತಾನೆ. ಒಂದೇ ಪರದೆಯವನಿಗೆ ಆ ದಾರಿಯಿಲ್ಲ. ಚಿತ್ರ ಮೂರನೇ ದಿನಕ್ಕೇ ಮಲಗಿದರೂ ಕರಾರು ಮುಗಿಯುವವರೆಗೆ ಖಾಲಿ ಕುರ್ಚಿಗಳಿಗೆ ಆಟ ತೋರಿಸಬೇಕು. ಮಕ್ಕಳ ಚಿತ್ರ, ಹಳೆಯ ಚಿತ್ರ, ಊರಿನವರು ಕೇಳಿದ ಚಿತ್ರ ಯಾವುದಕ್ಕೂ ಜಾಗವಿಲ್ಲ.

ಬುದ್ಧಿವಂತ ಜೀರ್ಣೋದ್ಧಾರಗಳು ಇದನ್ನು ಗಮನಿಸಿ ಎರಡನೇ ಪರದೆಗೆ ಜಾಗ ಮಾಡಿಕೊಂಡಿವೆ. ಲೀಡ್ಸ್‌ನ ಹೈಡ್ ಪಾರ್ಕ್ ಪಿಕ್ಚರ್ ಹೌಸ್ 1914ರ ಮಂದಿರ, ಅನಿಲ ದೀಪಗಳನ್ನು ಇಂದಿಗೂ ಉಳಿಸಿಕೊಂಡಿರುವ ಅಪರೂಪದ ಜಾಗ. ಚಿತ್ರ ನಡೆಯುವಾಗಲೂ ಆ ದೀಪಗಳು ಮಂಕಾಗಿ ಉರಿಯುತ್ತಿರಬೇಕಿತ್ತು. ಕತ್ತಲಲ್ಲಿ ಜೋಡಿಗಳು ಮರ್ಯಾದೆ ಮೀರದಿರಲಿ ಎಂಬುದು ಆ ಕಾಲದ ಕಾಳಜಿ! 2020ರಲ್ಲಿ ಮುಚ್ಚಿ 2023ರಲ್ಲಿ ಮತ್ತೆ ತೆರೆದಾಗ ದೀಪಗಳೂ ಇದ್ದವು, ನೆಲಮಾಳಿಗೆಯಲ್ಲಿ ಸಣ್ಣದೊಂದು ಎರಡನೇ ಪರದೆಯೂ ಬಂದಿತ್ತು. ಸ್ಕಾಟ್ಲೆಂಡಿನ ಕ್ಯಾಂಬೆಲ್‌ಟೌನ್‌ನಲ್ಲಿರುವ 1913ರ ಪಿಕ್ಚರ್ ಹೌಸ್ ಸಮುದಾಯದ ಒಡೆತನದ್ದು. 2017ರಲ್ಲಿ ಮರುಬಾಗಿಲು ತೆರೆಯುವಾಗ ಅದೂ ಇದನ್ನೇ ಮಾಡಿತು. ಶುದ್ಧ ಸಂರಕ್ಷಣಾವಾದಿಗಳು ಹೊಸ ಗೋಡೆ ನೋಡಿ ಮುಖ ಸಿಂಡರಿಸಿದರೂ, ಹಳೆಯ ಪರದೆಯ ಸ್ವಾತಂತ್ರ್ಯ ಉಳಿದಿರುವುದು ಆ ಹೊಸ ಪರದೆಯಿಂದಲೇ.

ರೋಮ್‌ನ ಉದಾಹರಣೆ ಇನ್ನೂ ಚುರುಕು. 2012ರಲ್ಲಿ ಟ್ರಾಸ್ಟೆವೆರೆ ಬಡಾವಣೆಯ ಮುಚ್ಚಿದ ಸಿನಿಮಾ ಅಮೆರಿಕಾವನ್ನು ಹುಡುಗ ಹುಡುಗಿಯರ ಗುಂಪೊಂದು ಆಕ್ರಮಿಸಿಕೊಂಡು ಆಟ ನಡೆಸಿತು, 2014ರಲ್ಲಿ ಅವರನ್ನು ಹೊರಹಾಕಲಾಯಿತು. ಅದೇ ಗುಂಪು ಮುಂದೆ ನಗರಸಭೆಯ ಒಡೆತನದ ಸಾಲಾ ಟ್ರೊಯಿಸಿಯನ್ನು ಪಡೆದು 2021ರಲ್ಲಿ ತೆರೆಯಿತು. ಅಲ್ಲಿ ಪರದೆಯ ಜೊತೆಗೆ ಇಡೀ ದಿನ, ಇಡೀ ರಾತ್ರಿ ತೆರೆದಿರುವ ಓದುವ ಕೋಣೆಯಿದೆ. ಪರೀಕ್ಷೆಗೆ ಓದಲು ಬಂದವರು ಸಂಜೆಯ ಆಟಕ್ಕೆ ಉಳಿಯುತ್ತಾರೆ. ವಾರದ ನಡುವಿನ ಖಾಲಿ ದಿನಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಪ್ಯಾರಿಸ್ಸಿನ ಲಾ ಕ್ಲೆ ಕೂಡ ಆಕ್ರಮಣದಿಂದ ಶುರುವಾದದ್ದೇ. ಮುಚ್ಚಿದ್ದ ಆ ಮಂದಿರದೊಳಗೆ 2019ರಲ್ಲಿ ನುಗ್ಗಿದವರು ಪ್ರತಿ ಸಂಜೆ ಆಟ ಹಾಕಿ, ಕೈಲಾದಷ್ಟು ಕೊಡಿ ಎಂದರು. 2022ರಲ್ಲಿ ಪೊಲೀಸರು ತೆರವು ಮಾಡಿಸಿದರು. ಅವರು ಬೈದುಕೊಂಡು ಮನೆಗೆ ಹೋಗಲಿಲ್ಲ, ದೇಣಿಗೆ ಎತ್ತಿ 2024ರಲ್ಲಿ ಕಟ್ಟಡವನ್ನೇ ಕೊಂಡರು. ಕೊಂಡದ್ದು ವ್ಯಕ್ತಿಗಳಲ್ಲ, ದತ್ತಿ ನಿಧಿ. ನಾಳೆ ಸದಸ್ಯರು ಜಗಳವಾಡಿದರೂ, ನೆಲದ ಬೆಲೆ ನಾಲ್ಕು ಪಟ್ಟಾದರೂ ಲಾಭಕ್ಕೆ ಮಾರಿ ಹಂಚಿಕೊಳ್ಳದಂತೆ ಮಾಡುವುದು ಆ ಏರ್ಪಾಟಿನ ಉದ್ದೇಶ.

ಶ್ರೀಮಂತರು ಕೊಂಡರೆ? ಹಾಲಿವುಡ್ಡಿನ 1922ರ ಈಜಿಪ್ಷಿಯನ್ ಅನ್ನು ನೆಟ್‌ಫ್ಲಿಕ್ಸ್ 2020ರಲ್ಲಿ ಕೊಂಡು, ದುರಸ್ತಿ ಮಾಡಿಸಿ 2023ರಲ್ಲಿ ತೆರೆಯಿತು. ಲಾಸ್ ಏಂಜಲೀಸ್‌ನ ವಿಸ್ಟಾವನ್ನು ಕ್ವೆಂಟಿನ್ ಟರಾಂಟಿನೊ 2021ರಲ್ಲಿ ಕೊಂಡರು, ವಿಲೇಜ್ ಮಂದಿರವನ್ನು 2024ರಲ್ಲಿ ನಿರ್ದೇಶಕರ ಗುಂಪೊಂದು. ಕೆಲಸ ಅಚ್ಚುಕಟ್ಟಾಗಿಯೇ ಆಗುತ್ತದೆ, ಅದನ್ನು ಅಲ್ಲಗಳೆಯುವುದು ಹೊಟ್ಟೆಕಿಚ್ಚಾದೀತು. ಆದರೆ 1948ಕ್ಕೆ ಮೊದಲು ಸ್ಟುಡಿಯೋಗಳ ಕೈಯಲ್ಲಿದ್ದ ಮಂದಿರಗಳ ಗತಿಯೂ ಒಡೆಯನ ಮನಸ್ಸಿರುವವರೆಗೆ ಎಂಬಂತೆಯೇ ಇತ್ತು.

ಸಮುದಾಯ ಎನ್ನುವಾಗ ಯಾರ ಸಮುದಾಯ ಎಂದೂ ಕೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳ ಅನೇಕ ಹಳೆಯ ಮಂದಿರಗಳಲ್ಲಿ ಕಪ್ಪು ಜನರಿಗೆ ಬೇರೆ ಟಿಕೆಟ್ ಕಿಂಡಿ, ಓಣಿಯಿಂದ ಹತ್ತುವ ಬೇರೆ ಮೆಟ್ಟಿಲು, ಮೇಲಿನ ಬಾಲ್ಕನಿ. ಜೀರ್ಣೋದ್ಧಾರಕ್ಕೆ ಹಣ ಎತ್ತುವಾಗ ಹೇಳುವ ಎಲ್ಲರೂ ಒಟ್ಟಿಗೆ ಕೂತು ನೋಡಿದ ದಿನಗಳು ಎಂಬ ಮಾತು ಅಲ್ಲಿ ಸುಳ್ಳು. ಆ ಹಿಂಬದಿಯ ಮೆಟ್ಟಿಲನ್ನು ಒಡೆದು ಲಿಫ್ಟ್ ಹಾಕಿಬಿಡುವುದು ಸುಲಭ. ಅದನ್ನು ಹಾಗೆಯೇ ಉಳಿಸಿ, ಏನಾಗಿತ್ತೆಂದು ಫಲಕ ಹಾಕಿದ ಕಡೆ ಕಟ್ಟಡ ಹೆಚ್ಚು ಸತ್ಯ ಹೇಳುತ್ತದೆ.

ಇಷ್ಟೆಲ್ಲ ಗೆದ್ದು ನಿಂತ ಸಣ್ಣ ಮಂದಿರಗಳ ಮುಂದೆ ಈಗಿರುವುದು ಯಂತ್ರದ ಖರ್ಚು. 2013ರ ಹೊತ್ತಿಗೆ ದೊಡ್ಡ ಸ್ಟುಡಿಯೋಗಳು 35 ಎಂಎಂ ಪ್ರಿಂಟ್ ಕಳಿಸುವುದನ್ನು ನಿಲ್ಲಿಸತೊಡಗಿದಾಗ ಡಿಜಿಟಲ್ ಆಗು, ಇಲ್ಲವೇ ಬಾಗಿಲು ಹಾಕು ಎಂಬ ಸ್ಥಿತಿ ಬಂದಿತ್ತು. ಎಣ್ಣೆ ಹಾಕುತ್ತ, ಬಿಡಿಭಾಗ ಬದಲಿಸುತ್ತ ಹೋದರೆ ಹಳೆಯ ಪ್ರೊಜೆಕ್ಟರು ಐವತ್ತು ವರ್ಷ ಓಡುತ್ತಿತ್ತು. ರೀಲು ಮುಗಿಯುವ ಎಂಟು ಸೆಕೆಂಡು ಮೊದಲು ಪರದೆಯ ಬಲಮೂಲೆಯಲ್ಲಿ ಮೂಡುವ ಚುಕ್ಕೆ ನೋಡಿ ಎರಡನೇ ಯಂತ್ರ ಚಾಲೂ ಮಾಡುವ ಆಪರೇಟರಿಗೆ ಅದರ ಪ್ರತಿ ಹಲ್ಲುಚಕ್ರವೂ ಗೊತ್ತಿತ್ತು. ಹೊಸದು ಹಾಗಲ್ಲ. ಅದರ ಸರ್ವರ್, ಅದರ ತಂತ್ರಾಂಶ, ನಿಗದಿತ ದಿನಗಳಿಗೆ ಮಾತ್ರ ಚಿತ್ರ ತೆರೆಯುವ ಡಿಜಿಟಲ್ ಕೀಲಿ, ಎಲ್ಲವೂ ತಯಾರಕರ ಮರ್ಜಿಯಲ್ಲಿ. ಹತ್ತು ಹದಿನೈದು ವರ್ಷಕ್ಕೆ ಬದಲಿಸಲೇಬೇಕು. ಲಾಭವೂ ಇದೆ ಎನ್ನಿ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರಿಂದ, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ನೇರ ಪ್ರಸಾರ ಕಳಿಸುವುದು ಈ ಯಂತ್ರದಿಂದಲೇ ಸಾಧ್ಯವಾಗಿದ್ದು, ಅನೇಕ ಸಣ್ಣ ಮಂದಿರಗಳ ವಾರದ ನಡುವಿನ ಗಳಿಕೆ ಅಲ್ಲಿಂದ ಬರುತ್ತದೆ. ಆದರೆ ಮೊದಲ ಸಲ ಡಿಜಿಟಲ್ ಆದಾಗ ಪ್ರಿಂಟ್ ಖರ್ಚು ಉಳಿಸಿಕೊಂಡ ಸ್ಟುಡಿಯೋಗಳು ಪ್ರತಿ ಚಿತ್ರಕ್ಕೂ ಒಂದಿಷ್ಟು ಹಣ ಕೊಟ್ಟು ಯಂತ್ರದ ಸಾಲ ತೀರಿಸಲು ನೆರವಾಗಿದ್ದವು. ಆ ಒಪ್ಪಂದಗಳ ಅವಧಿ ಮುಗಿದಿದೆ. 2010ರಿಂದ 2014ರ ನಡುವೆ ಕೊಂಡ ಯಂತ್ರಗಳು ಒಂದೊಂದಾಗಿ ಕೈಕೊಡುತ್ತಿರುವ ಈ ಹೊತ್ತಿನಲ್ಲಿ ಅವುಗಳ ಬದಲಿಗೆ ಕೊಳ್ಳಬೇಕಾದ ಎರಡನೇ ಡಿಜಿಟಲ್ ಪ್ರೊಜೆಕ್ಟರಿನ ಪೂರ್ತಿ ಬೆಲೆ ಟ್ರಸ್ಟುಗಳ ತಲೆಯ ಮೇಲೆಯೇ ಬೀಳುತ್ತಿದೆ. ದೇಣಿಗೆ ಕೇಳಲು ಹೋದರೆ ದಾನಿಗಳು ಗಾರೆಯ ದೇವತೆಗೆ ಕೊಡುತ್ತೇವೆ ಎನ್ನುತ್ತಾರೆ, ಸರ್ವರಿಗಲ್ಲ.